ಅವ್ವನ ಬೆರಳಿನ ಮುತ್ತು

“ಬ್ಯಾಡ್ರಿ ಸಿಸ್ಟರ್, ಅದನ್ನ ತೆಗೀಬ್ಯಾಡ್ರಿ!”

ಪ್ರಣಿತಾ ಅವ್ವನ ಕೈಗೆ ತನ್ನ ಎರಡೂ ಕೈ ಅಡ್ಡ ಹಿಡಿದಳು. ಸಲೈನ್ ಏರಿಸಿದ ಆ ಕೈ ಬೆಳಗಿನಿಂದ ಊದಿಕೊಂಡಿತ್ತು. ಮುತ್ತಿನ ಉಂಗುರ ಬೆರಳೊಳಗೆ ಹೂತುಹೋಗಿತ್ತು. ಉಗುರು ನೀಲಿಗಟ್ಟುತ್ತಿತ್ತು.

ಬೀದರಿನ ಆ ಆಸ್ಪತ್ರೆಯ ತುಂಬ ಜ್ವರದವರೇ. ಸಿಸ್ಟರ್ ಖುರ್ಷಿದ ಬೇಗಂ ನೈಟ್ ಡ್ಯೂಟಿ ಮುಗಿದರೂ ಮನೆಗೆ ಹೋಗಿರಲಿಲ್ಲ.

“ಸೋಪ್ ಹಚ್ಚಿ ನೋಡ್ದೆ, ದಾರ ಸುತ್ತಿ ನೋಡ್ದೆ. ಬರವಲ್ದು. ಕಟ್ ಮಾಡ್ಬೇಕು ಬೇಟಾ,” ಎಂದರು.

“ಅಜ್ಜಿ ಹಾಕ್ಯಾಳ್ರಿ. ಜ್ವರ ಇಳಿಯೂತನಕ ತೆಗೀಬಾರದಂತ ಹೇಳ್ಯಾಳ.”

ಊರು ಡಾಬಕಾದ ಮನೆಯಿಂದ ಆಸ್ಪತ್ರೆಗೆ ಹೊರಡುವಾಗ ಅಜ್ಜಿ ಕೌಸಲ್ಯಾಬಾಯಿ ತಾನೇ ಆ ಉಂಗುರ ತೊಡಿಸಿದ್ದಳು. “ಮುತ್ತು ಚಂದ್ರಂದು. ದಕ್ಷ ಶಾಪ ಕೊಟ್ಟಾಗ ಚಂದ್ರನೂ ಹಿಂಗೇ ದಿನಾ ಸೊರಗಿದ್ದ. ಕಡೀಕ ಶಿವ ತಲಿ ಮ್ಯಾಲ ಇಟ್ಕೊಂಡ, ಮತ್ತ ತುಂಬ್ಕೊಂಡ. ನಿಮ್ಮವ್ವನ ಮೈಯಾಗಿನ ಉರಿ ಈ ಮುತ್ತು ಎಳ್ಕೋತದ. ನೀ ಕಾವಲಿರು,” ಎಂದಿದ್ದಳು.

ಅಂದಿನಿಂದ ಪ್ರಣಿತಾ ಕಾವಲಿದ್ದಳು. ಮಲಗುವಾಗಲೂ ಅವ್ವನ ಆ ಬೆರಳು ಹಿಡಿದೇ ಮಲಗುತ್ತಿದ್ದಳು. ಸರಿಯಾಗಿ ನಿದ್ದೆಯಿಲ್ಲದೆ ಅವಳ ಕಣ್ಣುಗಳು ಉರಿಯುತ್ತಿದ್ದವು. ಅಪ್ಪ ರಕ್ತದ ರಿಪೋರ್ಟ್ ತರಲು ಹೋಗಿದ್ದ. ಕೇಳೋಣವೆಂದರೆ ಬೇರೆ ಯಾರೂ ಇಲ್ಲ.

“ಅವ್ವಾ, ಏನ್ ಮಾಡ್ಲಿ?”

ಅವ್ವ ಅರ್ಧ ಕಣ್ಣು ತೆರೆದಳು. “ಭಾಳ ನೋಯ್ತದ, ಪ್ರಣೀ,” ಎಂದಷ್ಟೇ ಅಂದಳು.

ಪ್ರಣಿತಾ ಮೆಲ್ಲಗೆ ಕೈ ತೆಗೆದಳು. ಗೋಡೆಯ ಕಡೆ ಮುಖ ತಿರುಗಿಸಿ, “ಕಟ್ ಮಾಡ್ರಿ,” ಎಂದಳು.

ಕಟಕ್ಕೆಂದಿತು. ಸ್ವಲ್ಪ ಹೊತ್ತಿಗೆ ಬೆರಳಿಗೆ ಬಣ್ಣ ಬಂತು. ಅವ್ವ ಹಾಯಾಗಿ ಉಸಿರಾಡುತ್ತ ಮಲಗಿದಳು. ಪ್ರಣಿತಾ ಮಾತ್ರ ಅವ್ವನ ಹಣೆ ಮತ್ತೆ ಮತ್ತೆ ಮುಟ್ಟಿ ನೋಡಿದಳು. ಜ್ವರ ಏರಿದರೆ? ಅದು ತನ್ನಿಂದಲೇ ಅಲ್ಲವೇ?

ಮಧ್ಯಾಹ್ನ ಅಜ್ಜಿ ರೊಟ್ಟಿಗಂಟು ಹಿಡಿದು ಬಂದಳು. ಔರಾದದಲ್ಲಿ ಬಸ್ಸು ಬದಲಿಸಿ, ಸೀಟು ಸಿಗದೆ ನಿಂತೇ ಬಂದಿದ್ದಳು. ಅವಳು ಕೂರುವ ಮೊದಲೇ ಪ್ರಣಿತಾ ಒದರಿಬಿಟ್ಟಳು.

“ಅಜ್ಜೀ, ಉಂಗುರ ಕಟ್ ಮಾಡಿದ್ರು. ನಾನೇ ಹೂಂ ಅಂದೆ.”

ಅಜ್ಜಿ ಬೈಯಲಿಲ್ಲ. ಸೊಸೆಯ ಕೈ ಎತ್ತಿ, ಬೆರಳಿನ ಕೆಂಪು ಗೆರೆ ನೋಡಿದಳು.

“ಇಷ್ಟು ಬಾತಿತ್ತೇನ? ಛಲೋ ಮಾಡ್ದಿ,” ಎಂದು ಆ ಗೆರೆಯನ್ನು ಸವರಿದಳು. ಆಮೇಲೆ ಸಣ್ಣ ದನಿಯಲ್ಲಿ, “ಅವತ್ತ ಮತ್ತೇನ್ ಮಾಡ್ಬೇಕಂತ ತಿಳೀಲಿಲ್ಲವ್ವಾ ನನಗ,” ಎಂದಳು.

ಪ್ರಣಿತಾ ಗ್ಲಾಸಿನಲ್ಲಿ ನೀರು ತಂದಳು. ಹಾಗಾದರೆ ಜ್ವರ ಹ್ಯಾಂಗ ಹೋಗ್ತದ ಎಂದು ಕೇಳಬೇಕಿತ್ತು. ಆದರೆ ಅಷ್ಟರಲ್ಲೇ ಅಜ್ಜಿ ನೆಲದ ಮೇಲೆ ಕೂತು, ಮಂಚದ ಕಾಲಿಗೆ ಒರಗಿ, ನಿದ್ದೆಹೋಗಿದ್ದಳು. ಒಡೆದ ಹಿಮ್ಮಡಿಗಳ ಮೇಲೆಲ್ಲ ಧೂಳು. ಬಾಯಿ ಕೊಂಚ ತೆರೆದಿತ್ತು. ಅಜ್ಜಿ ಹಗಲು ಮಲಗಿದ್ದನ್ನು ಪ್ರಣಿತಾ ಎಂದೂ ನೋಡಿರಲಿಲ್ಲ.

ಅವಳು ಗ್ಲಾಸನ್ನು ಸದ್ದಾಗದಂತೆ ಕೆಳಗಿಟ್ಟಳು. ಪಕ್ಕದಲ್ಲಿ ಕೂತು, ಜಾರುತ್ತಿದ್ದ ಅಜ್ಜಿಯ ತಲೆಗೆ ಹೆಗಲು ಕೊಟ್ಟಳು.

ಅಪ್ಪ ರಿಪೋರ್ಟ್ ಹಿಡಿದು ಬಂದ. “ಗಾಬರಿ ಏನಿಲ್ಲಂತ. ಇನ್ನೆರಡು ದಿನ ಇಲ್ಲೇ—”

ಪ್ರಣಿತಾ ತುಟಿಯ ಮೇಲೆ ಬೆರಳಿಟ್ಟು, ಅಜ್ಜಿಯ ಕಡೆ ತೋರಿಸಿದಳು.