ಇಂಟರ್‌ವ್ಯೂ ಮೇಡಂ

"ಮುಂದಿನವರು ಒಳಗೆ ಬನ್ನಿ!" ಎಂದು ಕೂಗಿದಳು ಚೂಟಿ.

ಅಮ್ಮ ಒದ್ದೆ ಕೈ ಒರೆಸಿಕೊಳ್ಳುತ್ತಾ ಅಡುಗೆಮನೆಯಿಂದ ಬಂದಳು. ಊಟದ ಮೇಜಿನ ಆಚೆ ಚೂಟಿ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿದ್ದಳು. ತಾತನ ಕನ್ನಡಕ ಅವಳ ಮೂಗಿನ ತುದಿಗೆ ಜಾರಿತ್ತು. ಅದನ್ನು ಹಾಕಿಕೊಂಡರೆ ಅವಳಿಗೆ ಎಲ್ಲ ಮಂಜು ಮಂಜು. ಆದರೂ ತೆಗೆಯಲೊಲ್ಲಳು. ಕನ್ನಡಕವಿಲ್ಲದ ಮೇಡಂ ಎಂಥ ಮೇಡಂ?

"ಬಾಗಿಲು ತಟ್ಟದೇ ಬಂದ್ರಲ್ಲ?"

"ಸಾರಿ ಮೇಡಂ." ಅಮ್ಮ ವಾಪಸ್ಸು ಹೋಗಿ, ಫ್ರಿಜ್ಜಿನ ಬಾಗಿಲು ತಟ್ಟಿ ಬಂದಳು.

ಕನ್ನಡಕವಿಲ್ಲದೆ ಪೇಪರಿನ ಚಿತ್ರಗಳನ್ನಷ್ಟೇ ನೋಡುತ್ತಿದ್ದ ತಾತ ಮುಸಿಮುಸಿ ನಕ್ಕರು.

ನಾಳೆ ಅಮ್ಮನಿಗೆ ನಿಜವಾದ ಇಂಟರ್‌ವ್ಯೂ. ದೂರದ ಊರಿನ ದೊಡ್ಡ ಕಾಲೇಜಿನಲ್ಲಿ ಮಾಸ್ಟರ್ಸ್ ಓದಲು ಅವಳು ಅರ್ಜಿ ಹಾಕಿದ್ದಳು. ವಿಷಯದ ಹೆಸರು ಫೈನಾನ್ಸ್. ಎಂಟ್ರೆನ್ಸ್ ಪರೀಕ್ಷೆ ಪಾಸಾಗಿತ್ತು, ಇನ್ನು ಉಳಿದದ್ದು ಇದೊಂದೇ. ಬಿಸ್ಕೆಟ್ ಫ್ಯಾಕ್ಟರಿಯ ಆಫೀಸಿನಲ್ಲಿ ದಿನವಿಡೀ ಕಂಪ್ಯೂಟರಿಗೆ ಅಂಕಿ ತುಂಬುವ ಅಮ್ಮನಿಗೆ ಅಂಕಿಯೆಂದರೆ ನೀರು ಕುಡಿದಷ್ಟು ಸುಲಭ. ಆದರೆ ಹೊಸಬರ ಮುಂದೆ ಮಾತಾಡಬೇಕೆಂದರೆ ನಾಲಿಗೆ ಒಣಗಿಹೋಗುತ್ತಿತ್ತು. ಅದಕ್ಕೇ ಈ ಆಟ. ಶಾಲೆ ಬಿಟ್ಟು ಬಂದಮೇಲೆ ಚೂಟಿ ಮೇಡಂ, ಅಮ್ಮ ಸ್ಟೂಡೆಂಟ್.

ಚೂಟಿಗೂ ಈ ಆಟ ಬಲು ಇಷ್ಟವಾಗಿತ್ತು, ನಿನ್ನೆಯವರೆಗೆ. ನಿನ್ನೆ ಅಮ್ಮ ಪಕ್ಕದಲ್ಲಿ ಕೂರಿಸಿಕೊಂಡು ಹೇಳಿದ್ದಳು. ಸೀಟು ಸಿಕ್ಕರೆ ಎರಡು ವರ್ಷ ಹಾಸ್ಟೆಲಿನಲ್ಲಿ ಇರಬೇಕಂತೆ, ರಜೆ ಸಿಕ್ಕಾಗ ಮಾತ್ರ ಮನೆಗೆ ಬರೋದಂತೆ. ಚೂಟಿ "ಹೂಂ" ಎಂದಿದ್ದಳು.

"ನೀವು ಫೈನಾನ್ಸ್ ಯಾಕೆ ಓದ್ಬೇಕು?" ಚೂಟಿ ಗಂಭೀರವಾಗಿ ಕೇಳಿದಳು.

"ನನಗೆ ಈ ಕ್ಷೇತ್ರದಲ್ಲಿ ಅಪಾರ ಆಸಕ್ತಿ ಇದೆ ಮೇಡಂ. ನನ್ನ ಕೌಶಲ್ಯವನ್ನು ಹೆಚ್ಚಿಸಿಕೊಂಡು..."

"ಬರೀ ಬಾಯಿಪಾಠ! ಹೀಗೆ ಹೇಳಿದ್ರೆ ನಮ್ಮ ಮಿಸ್ಸು ಸಾಕು ಕೂತ್ಕೋ ಅಂತಾರೆ."

"ಗಿಣಿಪಾಠ ಕಣಮ್ಮ," ಎಂದರು ತಾತ.

ಅಮ್ಮ ನಕ್ಕಳು. ಚೂಟಿ ನಗಲಿಲ್ಲ.

"ನಿಮಗೆ ಮಗಳಿದ್ದಾಳಾ?"

"ಇದ್ದಾಳೆ ಮೇಡಂ. ಬಲು ಜೋರು."

"ನೀವು ಹಾಸ್ಟೆಲಿಗೆ ಹೋದ್ರೆ ಅವಳಿಗೆ ಜಡೆ ಯಾರು ಹಾಕ್ತಾರೆ?"

"ಅವರಪ್ಪ ಕಲೀತಾರೆ."

"ಜ್ವರ ಬಂದ್ರೆ?"

"ತಾತ ಇದ್ದಾರಲ್ಲ..."

"ರಾತ್ರಿ ಕೆಟ್ಟ ಕನಸು ಬಿದ್ದು ಅಮ್ಮಾ ಅಂತ ಕೂಗಿದ್ರೆ?"

ತಾತ ಪೇಪರ್ ಮಡಚಿಟ್ಟರು. ಇದು ಆಟದ ಪ್ರಶ್ನೆಯಲ್ಲ ಎಂದು ಮೂವರಿಗೂ ಗೊತ್ತಾಯಿತು.

"ಇದಕ್ಕೆ ನನ್ನ ಹತ್ರ ಉತ್ತರ ಇಲ್ಲ ಪುಟ್ಟಾ," ಎಂದಳು ಅಮ್ಮ. ಈ ಸಲ ಮೇಡಂ ಎನ್ನಲಿಲ್ಲ. "ಹೋಗ್ಲಿ ಬಿಡು. ನಾಳೆ ನಾನು ಹೋಗಲ್ಲ."

ಅಮ್ಮ ಎದ್ದಳು. ನಾಳೆಗೆಂದು ಇಸ್ತ್ರಿ ಮಾಡಿ ಕುರ್ಚಿಯ ಮೇಲೆ ಹಾಕಿದ್ದ ಬಟ್ಟೆಯನ್ನು ಬೀರುವಿನೊಳಗಿಟ್ಟು ಕೋಣೆಗೆ ಹೋದಳು. ಬಾಗಿಲನ್ನೇನೂ ಧಡಾರನೆ ಹಾಕಲಿಲ್ಲ. ಹಾಗೆ ಹಾಕಿದ್ದರೇ ಚೆನ್ನಾಗಿತ್ತು ಎನಿಸಿತು ಚೂಟಿಗೆ.

ಅವಳು ಬಯಸಿದ್ದೇ ಆಗಿತ್ತು. ಆದರೂ ಖುಷಿ ಅನ್ನೋದು ಹತ್ತಿರಕ್ಕೂ ಸುಳಿಯಲಿಲ್ಲ. ಕನ್ನಡಕವನ್ನು ತಾತನ ಕೈಗೆ ಕೊಟ್ಟು ಮೆಲ್ಲಗೆ ಕೋಣೆಯೊಳಗೆ ಹೋದಳು. ಅಮ್ಮ ಮಂಚದ ಅಂಚಿನಲ್ಲಿ ಕೂತಿದ್ದಳು.

"ಅಮ್ಮಾ, ಬಾಯಿಪಾಠ ಬೇಡ. ನಿಜ ಹೇಳು. ನೀನು ಯಾಕೆ ಓದ್ಬೇಕು?"

ಅಮ್ಮ ಸರಿದು ಅವಳಿಗೆ ಪಕ್ಕದಲ್ಲಿ ಜಾಗ ಮಾಡಿಕೊಟ್ಟಳು.

"ಅಪ್ಪ ಮೊದ್ಲು ನಮ್ಮ ಫ್ಯಾಕ್ಟರೀಲೇ ಇದ್ರಲ್ಲ, ಓವನ್ ಹತ್ರ?"

"ಹೂಂ. ಶರ್ಟೆಲ್ಲ ಬಿಸ್ಕೆಟ್ ವಾಸನೆ."

"ಆ ಓವನ್ನಿನಿಂದ ನಷ್ಟ ಆಗ್ತಿದೆ ಅಂತ ತೋರಿಸೋ ಅಂಕಿಗಳನ್ನ ಕಂಪ್ಯೂಟರಿಗೆ ತುಂಬ್ತಿದ್ದವಳು ನಾನೇ ಕಣೇ. ತಿಂಗಳುಗಟ್ಟಲೆ ಈ ಕೈಯಲ್ಲೇ ತುಂಬಿದೆ. ಒಂದಂಕಿ ತಪ್ಪಲಿಲ್ಲ. ಆದ್ರೆ ಅವು ಏನು ಹೇಳ್ತಿವೆ ಅಂತ ನನಗೆ ತಿಳೀಲಿಲ್ಲ. ಓವನ್ ಮುಚ್ತೀವಿ ಅಂತ ಹೇಳಿದ ದಿನ ಅಪ್ಪನಿಗೆಷ್ಟು ಗೊತ್ತಿತ್ತೋ ನನಗೂ ಅಷ್ಟೇ ಗೊತ್ತಿದ್ದಿದ್ದು."

ಆ ದಿನ ಅಪ್ಪ ಶೂ ಕೂಡ ಬಿಚ್ಚದೆ ಹೊಸ್ತಿಲ ಮೇಲೆ ಕೂತಿದ್ದು ಚೂಟಿಗೆ ನೆನಪಿತ್ತು. ಈಗ ಅವರು ಯಾರದೋ ವ್ಯಾನ್ ಓಡಿಸುತ್ತಾರೆ.

"ನಿಂಗೆ ಮೊದ್ಲೇ ತಿಳಿದಿದ್ರೆ ಮುಚ್ತಿರಲಿಲ್ವಾ?"

"ಗೊತ್ತಿಲ್ಲ. ಆಗಲೂ ಮುಚ್ತಿದ್ರೇನೋ. ಆದ್ರೆ ಅದನ್ನೆಲ್ಲ ತೀರ್ಮಾನ ಮಾಡೋ ರೂಮಲ್ಲಿ ಕೂತು, ಸ್ವಲ್ಪ ತಡೀರಿ, ಬೇರೆ ದಾರಿ ಇದೆ, ನೋಡಿ ಅಂತ ತೋರಿಸೋಕೆ ಬರ್ಬೇಕು ನನಗೆ. ಇನ್ಯಾರದೋ ಅಪ್ಪನ ಕೆಲಸವಾದ್ರೂ ಉಳೀಲಿ." ಅಮ್ಮನ ದನಿ ನಡುಗಿತು.

"ಇದನ್ನೇ ಹೇಳು, ನಾಳೆ," ಎಂದಳು ಚೂಟಿ.

"ಅಳು ಬಂದ್ಬಿಟ್ರೆ?"

"ಬರ್ಲಿ. ಒರೆಸ್ಕೊಂಡು ಹೇಳು."

ಅಮ್ಮ ಅವಳನ್ನು ಹತ್ತಿರಕ್ಕೆ ಎಳೆದುಕೊಂಡಳು. ಆದರೆ ಚೂಟಿಯ ಇಂಟರ್‌ವ್ಯೂ ಇನ್ನೂ ಮುಗಿದಿರಲಿಲ್ಲ.

"ಕೊನೇ ಪ್ರಶ್ನೆ. ಸೀಟು ಕೊಟ್ರೆ ಸೇರ್ತೀಯಾ?"

"ನೀನೇ ಹೇಳು. ಸೇರ್ಲಾ?"

"ಪ್ರಶ್ನೆ ಕೇಳಿದ್ದು ನಾನು. ಉತ್ತರ ನೀನು ಹೇಳ್ಬೇಕು."

ಅಮ್ಮ ಅವಳ ಮುಖವನ್ನೇ ನೋಡಿದಳು. ಹೊರಗೆ ತಾತ ಕೆಮ್ಮಿದ್ದು ಕೇಳಿಸಿತು.

"ಸೇರ್ತೀನಿ," ಎಂದಳು ಅಮ್ಮ, ತನಗೇ ಹೇಳಿಕೊಂಡ ಹಾಗೆ. ಆಮೇಲೆ ಇನ್ನೊಮ್ಮೆ, ಗಟ್ಟಿಯಾಗಿ, "ಸೇರ್ತೀನಿ."

ಬೇಡಮ್ಮಾ ಎನ್ನುವ ಮಾತು ಚೂಟಿಯ ನಾಲಿಗೆಯ ತುದಿಗೇ ಬಂದು ನಿಂತಿತ್ತು. ಅದೊಂದು ಮಾತು ಹೇಳಿದರೆ ಸಾಕು, ಅಮ್ಮ ನಾಳೆಯಷ್ಟೇ ಅಲ್ಲ, ಇನ್ನೆಂದೂ ಹೋಗುವುದಿಲ್ಲ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಗೊತ್ತಿದ್ದರಿಂದಲೇ ಅವಳು ಹೇಳಲಿಲ್ಲ.