ದಾರದ ಇನ್ನೊಂದು ತುದಿ

“ಗುಬ್ಬೀ, ದಾರ ಎಲ್ಲೇ?”

“ನಂಗೇನ್ ಗೊತ್ತು? ಇಲಿ ತಿಂದಿರ್ಬೇಕು.”

ಅಪ್ಪ ಅಂಗಡಿಯ ಬಣ್ಣದ ಡಬ್ಬಗಳನ್ನೆಲ್ಲ ಎತ್ತಿ ಎತ್ತಿ ನೋಡಿದ. ದಾರ ಗುಬ್ಬಿಯ ಯೂನಿಫಾರ್ಮಿನ ಜೇಬಿನಲ್ಲಿತ್ತು. ಜೇಬಿನೊಳಗೇ ಅದನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಅವಳು ಸ್ಟೂಲಿನ ಮೇಲೆ ಕೂತಿದ್ದಳು.

ಅಪ್ಪ ಬೋರ್ಡು ಬರೆಯುವವನು. ಅಕ್ಷರ ಸೊಟ್ಟಗಾಗದಿರಲು ಮೊದಲು ದಾರಕ್ಕೆ ಚಾಕ್‌ಪೀಸ್ ಪುಡಿ ಸವರಬೇಕು. ಇಬ್ಬರು ಎರಡು ತುದಿ ಹಿಡಿದು ಬೋರ್ಡಿನ ಮೇಲೆ ಬಿಗಿಯಾಗಿ ಎಳೆಯಬೇಕು. ದಾರವನ್ನು ಚಿಮ್ಮಿಸಿದರೆ, ಟಪ್! ನೆಟ್ಟನೆಯ ಬಿಳಿ ಗೆರೆ. ಇನ್ನೊಂದು ತುದಿ ಯಾವಾಗಲೂ ಅಣ್ಣನದು. ಸೈನ್ಯಕ್ಕೆ ಸೇರಿದ ಮೇಲೂ, ರಜೆಗೆ ಬಂದಾಗ ಅವನೇ ಹಿಡಿಯುತ್ತಿದ್ದ. ಗೆರೆ ಬೀಳುವ ಮುಂಚೆ ಬೇಕೆಂದೇ, ಗಾಳಕ್ಕೆ ಮೀನು ಸಿಕ್ಕ ಹಾಗೆ, ಎರಡು ಸಲ ಜಗ್ಗುತ್ತಿದ್ದ.

“ಮೀನು ಸಿಕ್ತಾ ಅಪ್ಪಾ?”

“ಸಿಕ್ತು, ಕತ್ತೆ! ಸರಿಯಾಗಿ ಹಿಡ್ಕೋ!”

ಆ ಅಣ್ಣ ಶಾಂತಿಪಡೆಯ ಜೊತೆ ಕಡಲಾಚೆಯ ದೇಶದಲ್ಲಿ ಯಾರದೋ ಜಗಳ ಬಿಡಿಸಲು ಹೋಗಿ ಗುಂಡೇಟಿಗೆ ಸತ್ತ. ಯಾರ ಜಗಳ, ಯಾತಕ್ಕೆ ಜಗಳ, ಮನೆಯಲ್ಲಿ ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಈಗ ಸ್ಕೂಲಿನ ಹೊಸ ರೂಮಿಗೆ ಅವನ ಹೆಸರು. ಬೋರ್ಡನ್ನು ತಾನೇ ಬರೆಯುತ್ತೇನೆಂದು ಅಪ್ಪ ಹಟ ಹಿಡಿದಿದ್ದ.

ಬೋರ್ಡು ಆಗದಿದ್ದರೆ ಅಣ್ಣ ಸತ್ತದ್ದೂ ಪೂರ್ತಿ ಆಗುವುದಿಲ್ಲ. ಗುಬ್ಬಿಯ ಲೆಕ್ಕ ಅಷ್ಟೆ.

ಹೆಡ್‌ಮಾಸ್ಟರ್ ಬಾಗಿಲಲ್ಲಿ ಬಂದು ನಿಂತರು. “ಆಯ್ತಾ ಪೇಂಟ್ರೇ? ಬೆಳಿಗ್ಗೆ ಗೆಸ್ಟು ಬರ್ತಾರೆ. ನಿಮ್ಮ ಮಗ ನಮ್ಮ ಸ್ಕೂಲಿಗೇ ದೊಡ್ಡ ಹೆಸರು ತಂದ.”

“ಹೆಸ್ರು ನೀವೇ ಇಟ್ಕೊಳ್ಳಿ ಸಾರ್!” ಗುಬ್ಬಿ ಕಿರುಚಿದಳು. “ನಮ್ಮಣ್ಣನ್ನ ವಾಪಸ್ ಕೊಡಿ!”

ಹೆಡ್‌ಮಾಸ್ಟರ್ ಹೊರಟುಹೋದರು. ಅಪ್ಪ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ದಾರವಿಲ್ಲದೆಯೇ ಬ್ರಷ್ ಅದ್ದಿ ಬರೆಯತೊಡಗಿದ.

ಮೊದಲ ಅಕ್ಷರ ಸರಿಯಾಗಿತ್ತು. ಎರಡನೆಯದು ಸ್ವಲ್ಪ ಕೆಳಗೆ. ಮೂರನೆಯದು ಇನ್ನೂ ಕೆಳಗೆ. ಊರಿಗೆಲ್ಲ ಅಚ್ಚು ಹೊಯ್ದ ಹಾಗೆ ಬರೆದುಕೊಟ್ಟವನ ಕೈಯಲ್ಲಿ ಮಗನ ಹೆಸರು ಜಾರಿ ಬೀಳುತ್ತಿತ್ತು. ಅಪ್ಪನಿಗೆ ಅದು ಕಾಣುತ್ತಲೂ ಇರಲಿಲ್ಲ. ಕಣ್ಣು ತುಂಬಿತ್ತು.

“ನಿಲ್ಸಪ್ಪಾ!” ಗುಬ್ಬಿ ಜೇಬಿನಿಂದ ದಾರ ತೆಗೆದು ಚಾಚಿದಳು. “ಅಣ್ಣನ ಹೆಸ್ರು ಸೊಟ್ಟ ಬೇಡ.”

ಅಪ್ಪ ದಾರ ತೆಗೆದುಕೊಂಡ. ಬಟ್ಟೆಯನ್ನು ಸೀಮೆಎಣ್ಣೆಯಲ್ಲಿ ಅದ್ದಿ ಬರೆದದ್ದನ್ನೆಲ್ಲ ಒರೆಸಿದ. ದಾರಕ್ಕೆ ಪುಡಿ ಸವರಿದ. ಒಂದು ತುದಿ ಅವನು ಹಿಡಿದ, ಇನ್ನೊಂದು ಅವಳು.

ದಾರ ಬಿಗಿಯಾಯಿತು. ಅಪ್ಪ ಚಿಮ್ಮಿಸಲಿಲ್ಲ. ದಾರದ ಮೇಲೆ ಬೆರಳಿಟ್ಟು ಸುಮ್ಮನೆ ನಿಂತುಬಿಟ್ಟ.

ಯಾತಕ್ಕೆ ಕಾಯುತ್ತಿದ್ದಾನೆ ಅಂತ ಗುಬ್ಬಿಗೆ ತಿಳಿಯಿತು. ಎರಡು ಸಲ ಜಗ್ಗಿದರೆ ಸಾಕು. ಅವಳ ಬೆರಳು ಅಲ್ಲಾಡಲು ಹೊರಟಿತು. ಅವಳು ತಡೆದಳು. ಅದು ಅಣ್ಣನದು.

ದಾರ ಅಲುಗಲೇ ಇಲ್ಲ.

“ಅಪ್ಪಾ,” ಅಂದಳು ಮೆಲ್ಲಗೆ. “ಹಿಡ್ಕೊಂಡಿದೀನಿ.”

ಟಪ್.