ಹಲಗೆಗೆ ಮುಖ, ಮಕ್ಕಳಿಗೆ ಬೆನ್ನು

ಮಲಪ್ರಭೆಯ ನೀರು ಮುಟ್ಟಿ ಹೇಳುವ ಮಾತಿದು: ಇದು ನಡೆದದ್ದೇ. ಮನೋಳಿಯ ಶಾಲೆಯಲ್ಲಿ, ಹಾಡಹಗಲು, ಇಡೀ ನಾಲ್ಕನೇ ಇಯತ್ತೆಯ ಕಣ್ಣೆದುರೇ ನಡೆದದ್ದು. ಒಂದಕ್ಷರ ಸುಳ್ಳಿದ್ದರೆ ಹೇಳಿದವನ ಮೀಸೆ ಉದುರಿ ಬೀಳಲಿ. ಆಡಿನ ಸಂಗತಿಯೊಂದನ್ನು ಮಾತ್ರ ನೀವು ನಂಬಲಿಕ್ಕಿಲ್ಲ. ನಂಬದಿದ್ದರೆ ಆಡಿಗೇನೂ ಬೇಸರವಿಲ್ಲ.

ಬೈಲಹೊಂಗಲದ ಸ್ನೇಹಲ್ ಡಿ.ಎಡ್. ಕಲಿಯುತ್ತಿದ್ದಳು. ಪಾಠ ಮಾಡಿ ಅಭ್ಯಾಸವಾಗಲಿ ಎಂದು ಅವಳನ್ನು ಮನೋಳಿಯ ಶಾಲೆಗೆ ಹಾಕಿದ್ದರು. ಅವಳು ಹಲಗೆಯ ಮೇಲೆ ಚಿತ್ರ ಬಿಡಿಸಿದರೆ ಅದಕ್ಕೆ ಜೀವ ಬರುತ್ತಿತ್ತು. ಒಮ್ಮೆ ಜೋಳದ ಹೊಲ ಬಿಡಿಸಿದಾಗ ಬೀದಿಯ ಆಡೊಂದು ಒಳಗೆ ನುಗ್ಗಿ ತೆನೆಗೆ ಬಾಯಿ ಹಾಕಿತು. ಮೂಗಿಗೆಲ್ಲ ಚಾಕ್ ಹತ್ತಿಸಿಕೊಂಡು, ಸೀನುತ್ತ ಹೋಯಿತು.

ಹಾಗೆ ಅಭ್ಯಾಸಕ್ಕೆ ಬಂದವರಿಗೆಲ್ಲ ಒಬ್ಬೊಬ್ಬರು ಜೋಡಿ. ಒಬ್ಬರು ಪಾಠ ಮಾಡಿದರೆ ಇನ್ನೊಬ್ಬರು ಹಿಂದಿನ ಬೆಂಚಿನಲ್ಲಿ ಕೂತು ನೋಡಬೇಕು, ಆಮೇಲೆ ತಪ್ಪು ಹೇಳಬೇಕು. ಸ್ನೇಹಲಳ ಜೋಡಿ ರಾಮದುರ್ಗದ ಭೀಮಶಿ. ಅವನು ಮಾತ್ರ ಅವಳನ್ನು ನೋಡುತ್ತಲೇ ಇರಲಿಲ್ಲ. ಅವಳು ಮಕ್ಕಳ ಕಡೆ ತಿರುಗಿದಾಗಲೆಲ್ಲ ಅವನ ಕಣ್ಣು ಗೋಡೆಯ ನಕಾಶೆಯ ಮೇಲೆ.

"ಹೆಂಗಾತ್ರಿ ಪಾಠ?" ಒಂದು ದಿನ ಪಾಠ ಮುಗಿಸಿ ಅವಳು ಕೇಳಿದಳು.

"ಛಲೋ ಆತ್ರಿ."

"ಅಷ್ಟನ?"

"ಭಾಳ ಛಲೋ ಆತ್ರಿ."

"ತಪ್ಪು ಏನೂ ಇಲ್ಲೇನ್ರಿ?"

ಯಾವುದೋ ನದಿ ಜಾಗ ಬಿಟ್ಟು ಹರಿಯುತ್ತಿದೆಯೇನೋ ಎಂಬಂತೆ ಅವನು ನಕಾಶೆಯನ್ನೇ ನೋಡುತ್ತ, "ಏನಿಲ್ರಿ," ಎಂದ.

ಎಂಥ ಸೊಕ್ಕು ಎಂದುಕೊಂಡಳು ಸ್ನೇಹಲ್. ಆದರೆ ಅದೇ ಭೀಮಶಿ ಮಕ್ಕಳ ನಡುವೆ ಬೇರೆಯೇ ಮನುಷ್ಯ. ರಾಚವ್ವ ಎಂಬ ಹುಡುಗಿಗೆ ತರಗತಿಯಲ್ಲಿ ಬಾಯೇ ಬರುತ್ತಿರಲಿಲ್ಲ. ಸ್ನೇಹಲ್ ಕೇಳಿ ಕೇಳಿ ಸೋತಿದ್ದಳು. ಇವನು ಏನನ್ನೂ ಕೇಳಲಿಲ್ಲ. ದಿನಾಲೂ ಆ ಹುಡುಗಿಯ ಪಕ್ಕ ನೆಲದ ಮೇಲೆ ಕೂತು, ಬೇಕೆಂದೇ ಪೆನ್ಸಿಲ್ ತಪ್ಪಾಗಿ ಹೆರೆಯುತ್ತಿದ್ದ. ಒಂದು ದಿನ ಅವಳೇ ಕಸಿದುಕೊಂಡು ಹೆರೆದುಕೊಟ್ಟು ನಕ್ಕಳು.

ಮಕ್ಕಳ ಬಾಯಿ ಬಿಡಿಸಬಾರದು, ಅದು ಬಿಡುವವರೆಗೆ ಪಕ್ಕದಲ್ಲಿ ಕೂತಿರಬೇಕು ಎಂದು ಸ್ನೇಹಲ್ ಅವತ್ತು ಕಲಿತಳು. ಅಷ್ಟೇ ಕಲಿತಿದ್ದರೆ ಸುಖವಾಗಿ ಇರುತ್ತಿದ್ದಳು. ಆ ಮೆತ್ತಗಿನ ನೋಟ ಒಂದೇ ಒಂದು ಸಲ ತನ್ನ ಮೇಲೂ ಬಿದ್ದರೆ ಎಂಬ ಆಸೆಯೂ ಹತ್ತಿಕೊಂಡಿತು. ಬಸ್ಸು ಮುರಗೋಡ ದಾಟುವಾಗ, ಇವತ್ತು ಅವನ ಕಡೆ ನೋಡುವುದಿಲ್ಲ ಎಂದು ಆಣೆ ಹಾಕಿಕೊಳ್ಳುತ್ತಿದ್ದಳು. ಮನೋಳಿ ಬರುವಷ್ಟರಲ್ಲಿ ಆಣೆ ಸವೆದು ಹೋಗಿರುತ್ತಿತ್ತು.

ಕೊನೆಯ ದಿನ ಕಾಲೇಜಿನಿಂದ ರಘೋತ್ತಮ ಸರ್ ಪರೀಕ್ಷೆಗೆ ಬಂದರು. ಸ್ನೇಹಲ್ ಮಲಪ್ರಭೆಯನ್ನು ಹುಟ್ಟಿದಲ್ಲಿಂದ ಕೂಡಲಸಂಗಮದವರೆಗೆ ಹಲಗೆಯ ಮೇಲೆ ಹರಿಸಿದಳು. ಹಲಗೆ ಒದ್ದೆಯಾದಂತೆ ಕಂಡಿತು. ಸರ್ ಮುಖ ಮಾತ್ರ ಒಣಗಿತ್ತು.

"ಏನವಾ, ನೀ ಪಾಠ ಮಾಡಿದ್ದು ಹುಡುಗರಿಗೋ, ಹಲಗಿಗೋ? ಬರಿಯೂಮುಂದ ಪೂರಾ ಬೆನ್ನು ತೋರಿಸ್ತೀಯಲ್ಲ. ಓರೆ ನಿಂದರಬೇಕು, ಒಂದು ಕಣ್ಣು ಮಕ್ಕಳ ಮ್ಯಾಲ ಇರಬೇಕು. ನಿನ್ನ ಜೋಡಿ ಹೇಳಲಿಲ್ಲೇನು?"

ಸ್ನೇಹಲ್ ಹಿಂದಿನ ಬೆಂಚಿನ ಕಡೆ ನೋಡಿದಳು.

"ಊಟ ಆದಮ್ಯಾಲ ಮತ್ತೊಮ್ಮೆ ಮಾಡು. ಆಗೂ ಹಿಂಗ ಆದ್ರ, ಮುಂದಿನ ವರ್ಷ ಮತ್ತ ಬರಬೇಕಾಗ್ತದ."

ಸರ್ ಹೋದ ಮೇಲೆ ಅವಳು ನೇರ ಹಿಂದಿನ ಬೆಂಚಿಗೆ ಬಂದಳು. "ಇದು ತಪ್ಪಂತ ನಿಮಗ ಗೊತ್ತಿತ್ತೇನ್ರಿ?"

"ಗೊತ್ತಿತ್ರಿ."

"ಮತ್ಯಾಕ ಹೇಳಲಿಲ್ಲ?"

ಭೀಮಶಿಯ ಕಿವಿ ಹಣ್ಣು ಮೆಣಸಿನಕಾಯಿಯಾಯಿತು. ಎದ್ದು ಹೊರಗೆ ಹೋದ.

ನಾನು ನಪಾಸಾಗಲಿ ಎಂದೇ ಸುಮ್ಮನಿದ್ದ. ಹಾಗೆಂದುಕೊಂಡು ಸ್ನೇಹಲ್ ಡಬ್ಬಿ ತೆರೆಯದೆ ನಳದ ಗೋಡೆಯ ಹಿಂದೆ ನಿಂತು ಕಣ್ಣು ತೊಳೆದುಕೊಂಡಳು. ಆಗ ಬೇವಿನ ಮರದ ಕೆಳಗಿಂದ ಮಕ್ಕಳ ಗದ್ದಲ ಕೇಳಿಸಿತು. ಶಾಲೆಯ ಆಟ ನಡೆದಿತ್ತು. ಬಾಳೇಶ ಎಂಬ ಹುಡುಗ ಟವೆಲನ್ನು ಸೆರಗು ಮಾಡಿಕೊಂಡು, ಥೇಟ್ ಸ್ನೇಹಲಳಂತೆ ಸೊಂಟಕ್ಕೆ ಸಿಕ್ಕಿಸಿ, ಗೋಡೆಗೆ ಮುಖ ಮಾಡಿ ಬರೆಯುತ್ತಿದ್ದ. ಹಿಂದೆ ಕಲ್ಲಿನ ಮೇಲೆ ರಾಚವ್ವ. ಕೆನ್ನೆಗೆ ಕೈ, ಬಾಯಿ ಅರ್ಧ ತೆರೆದು, ಹಸಿದವನು ಹೋಳಿಗೆ ನೋಡುವಂತೆ ಅವನ ಬೆನ್ನನ್ನೇ ನೋಡುತ್ತಿದ್ದಳು. ಬಾಳೇಶ ತಿರುಗಿದ. ರಾಚವ್ವನ ಕಣ್ಣು ಟಕ್ಕನೆ ಬೇವಿನ ಕೊಂಬೆಗೆ ಹೋಯಿತು. ಮಕ್ಕಳು ಬಿದ್ದು ಬಿದ್ದು ನಕ್ಕವು.

ಸ್ನೇಹಲ್ ಹೊರಗೆ ಬಂದಳು. "ರಾಚವ್ವಾ, ನೀ ಯಾರಾಗೀದಿ?"

ಎಲ್ಲರೆದುರು ಎಂದೂ ಮಾತಾಡದ ಹುಡುಗಿ ಗಂಟೆ ಬಾರಿಸಿದಂತೆ ಹೇಳಿತು: "ಭೀಮಶಿ ಸರ್ರಿ! ನೀವು ಬರಿಯೂಮುಂದ ಸರ್ ಹಿಂಗ ನೋಡತಾರ್ರಿ. ನೀವು ತಿರುಗಿದ್ರ ನಕಾಶಿ ನೋಡತಾರ್ರಿ. ದಿನಾ!"

"ನಿಮಗ ಗೊತ್ತ ಇಲ್ಲೇನ್ರಿ ಅಕ್ಕಾರ?" ಬಾಳೇಶನ ದನಿಯಲ್ಲಿ ಮರುಕವಿತ್ತು.

ಮಕ್ಕಳು ಹಲಗೆ ನೋಡುತ್ತಾರೆ ಎಂದು ಅವಳು ನಂಬಿದ್ದಳು. ಅವಳು ಬೆನ್ನು ತಿರುಗಿಸಿದಾಗಲೆಲ್ಲ ಇಡೀ ತರಗತಿ ಹಿಂದೆ ತಿರುಗಿ ಬೇರೊಂದು ಪಾಠ ಓದುತ್ತಿತ್ತು.

ಮಧ್ಯಾಹ್ನ ಓರೆ ನಿಂತಳು. ಒಂದು ಕಣ್ಣು ಮಕ್ಕಳ ಮೇಲಿಟ್ಟಳು. ಆ ಕಣ್ಣು ಮಕ್ಕಳ ತಲೆ ದಾಟಿ ಹಿಂದಿನ ಬೆಂಚಿಗೂ ಹೋಗಿ ಬಂತು. ಪಾಪ, ಭೀಮಶಿಗೆ ಆ ದಿನ ನಕಾಶೆಯಲ್ಲಿದ್ದ ಊರೆಲ್ಲ ಬಾಯಿಪಾಠವಾಯಿತು.

"ಹಾಂ, ಈಗ ಆತು ನೋಡು. ಪಾಸ್," ಎಂದರು ರಘೋತ್ತಮ ಸರ್.

ಗಂಟೆಯಾಯಿತು, ಕೋಣೆ ಖಾಲಿಯಾಯಿತು. ಭೀಮಶಿ ಎದ್ದು ನಿಂತ.

"ತಪ್ಪಾತ್ರಿ. ಹೇಳಿದ್ರ ನೀವು ಓರೆ ನಿಂದರತಿದ್ರಿ. ಆಮ್ಯಾಲ ನಾ ಯಾವಾಗ ನೋಡ್ಲಿ?"

"ಅದಕ್ಕ ನನ್ನ ನಪಾಸ್ ಮಾಡಾವ್ರಿದ್ರೇನ?"

"ನೀವು ನಪಾಸಾಗಿದ್ರ ನಾನೂ ಬೇಕಂತನ ನಪಾಸ್ ಆಗ್ತಿದ್ನಿರಿ. ಮತ್ತೊಂದ ವರ್ಷ ಜೋಡಿ."

ಸ್ನೇಹಲ್ ನಗು ತಡೆದುಕೊಂಡು ಚಾಕ್ ಎತ್ತಿಕೊಂಡಳು. ಪೂರ್ತಿ ಬೆನ್ನು ತಿರುಗಿಸಿ ನಿಂತು, ಹಲಗೆಯ ಮೇಲೆ ನಿಧಾನವಾಗಿ ಗೆರೆ ಎಳೆಯತೊಡಗಿದಳು.

"ನೋಡಾಕತ್ತೀರೇನ್ರಿ?"

"ಹೂಂನ್ರಿ."

ಚಟ್ಟನೆ ತಿರುಗಿದಳು. ಅವನ ಕಣ್ಣು ಒಮ್ಮೆ ನಡುಗಿತು. ನಕಾಶೆಯ ಕಡೆ ಹೋಗಲಿಲ್ಲ. ಅವಳಲ್ಲೇ ನಿಂತಿತು.

ಕಿಟಕಿಯ ಹೊರಗಿಂದ ರಾಚವ್ವನ ಕೂಗು: "ಬಾಳ್ಯಾ, ಬಾರೋ! ಇವತ್ತ ಸರ್ ನಕಾಶಿ ನೋಡಲೇ ಇಲ್ಲೋ!"

ಆ ಸಂಜೆ ಒಂದು ಬಸ್ಸು ರಾಮದುರ್ಗಕ್ಕೆ, ಒಂದು ಬೈಲಹೊಂಗಲಕ್ಕೆ ಹೋಯಿತು. ಇಬ್ಬರೂ ಈಗ ಅವರವರ ಊರಲ್ಲಿ ಮಾಸ್ತರಿಕೆಯ ಪರೀಕ್ಷೆಗೆ ಓದುತ್ತಿದ್ದಾರೆ, ಇಬ್ಬರಿಗೂ ಒಂದೇ ಶಾಲೆ ಸಿಗಲಿ ಎಂದು ಕಾಯುತ್ತಿದ್ದಾರೆ. ಸಂಜೆ ವಿಡಿಯೋ ಕಾಲ್ ಮಾಡಿದಾಗ ಅವಳು ಮಾತಿನ ನಡುವೆ ಸುಮ್ಮನೆ ಆ ಕಡೆ ತಿರುಗಿ ಕೂರುತ್ತಾಳೆ. ಅವನು ನೋಡಲಿ ಎಂದು. ಫೋನಿನಾಚೆ ಮುಟ್ಟಲಾಗದಷ್ಟು ದೂರವಿದ್ದರೂ ಅವಳ ಬೆನ್ನು ಆ ನೋಟಕ್ಕೆ ಬೆಚ್ಚಗಾಗುತ್ತದಂತೆ.

ಸುಳ್ಳು ಅನ್ನಬೇಡಿ. ಈ ಕಥೆ ಕೇಳುವಾಗ ನಿಮ್ಮ ಕಣ್ಣೂ ಒಮ್ಮೆ ಗೋಡೆಯ ಕಡೆ ಹೋಗಿತ್ತು, ಕಂಡಿದ್ದೇನೆ. ಯಾರು ನೆನಪಾದರು? ಮರ್ಯಾದೆಯಿಂದ ಹೆಸರು ಹೇಳಿಬಿಡಿ. ಇಲ್ಲವಾದರೆ ರಾಚವ್ವನನ್ನು ಕರೆಸಬೇಕಾಗುತ್ತದೆ.